ಮಾದಪ್ಪನ ಹಾದಿಯಲ್ಲಿ ಒಂದು ರಾತ್ರಿಯ ನಿದ್ದೆ

॥ ಶ್ರೀ ಮಲೆ ಮಹದೇಶ್ವರಸ್ವಾಮಿ ಪ್ರಸನ್ನ ॥

ಮಾದಪ್ಪನ ಪಾದಕ್ಕೆ ನಡೆದು ಬರುವ ಭಕ್ತ ಮಹಾಶಯರೇ, ತಾಯಂದಿರೇ,

ಏಳುಮಲೆ ಎಪ್ಪತ್ತೇಳು ಮಲೆಯ ಒಡೆಯನಾದ ಸ್ವಾಮಿಯ ಪವಾಡಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಕಂಸಾಳೆಯವರು ರಾತ್ರಿಯಿಡೀ ಹಾಡಿದರೂ ಮುಗಿಯದ ಕಥೆ ಅದು. ನಾನು ಇವತ್ತು ಹೇಳಹೊರಟಿರುವುದು ಅಷ್ಟು ದೊಡ್ಡ ವಿಷಯವಲ್ಲ. ನಡೆದು ಬರುವವರು ರಾತ್ರಿ ಹೊತ್ತು ಬಯಲಿನಲ್ಲಿ ಹೇಗೆ ಮಲಗಬೇಕು ಎಂಬುದು, ಅಷ್ಟೆ. "ಇದೇನು ಸ್ವಾಮಿ, ನಿದ್ದೆ ಮಾಡುವುದನ್ನೂ ಹೇಳಿಕೊಡಬೇಕೆ?" ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಈ ಹಾದಿ ನಡೆದವನು ನಾನು. ನಡೆಯಲಾರದೆ ಹಿಂದೆ ಉಳಿದವರಿಗಿಂತ, ಮಲಗಲು ತಿಳಿಯದೆ ಹಿಂದೆ ಉಳಿದವರನ್ನೇ ಹೆಚ್ಚಾಗಿ ಕಂಡಿದ್ದೇನೆ.

ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ಅಲ್ಲಿಂದ ಮೇಲಕ್ಕೆ ಇನ್ನೂ 18 ಕಿಲೋಮೀಟರಿನಷ್ಟು ಏರುಹಾದಿ. ಕನಕಪುರದ ಕಡೆಯವರು ಸಂಗಮದ ಹತ್ತಿರ ಕಾವೇರಿ ದಾಟಿ ಕಾಡುಹಾದಿಯಲ್ಲಿ ಬರುತ್ತಾರೆ. ಬೆಂಗಳೂರಿನಿಂದ ಹೊರಟವರಿಗಂತೂ ನಾಲ್ಕೈದು ರಾತ್ರಿ ಹಾದಿಯಲ್ಲೇ ಕಳೆಯಬೇಕು. ಹಗಲು ನಡೆಸುವುದು ಕಾಲು. ಆದರೆ ನಾಳೆಯ ಹಗಲಿಗೆ ಆ ಕಾಲನ್ನು ಸಿದ್ಧಮಾಡುವುದು ಇವತ್ತಿನ ರಾತ್ರಿ. ಇದನ್ನು ನಾವು ಮರೆಯುತ್ತೇವೆ.

ಜಾಗರಣೆಗೆ ಮುಂಚಿನ ನಿದ್ದೆ

ಶಿವರಾತ್ರಿಗೆ ನಡೆದು ಬರುವುದು ಯಾತಕ್ಕೆ? ಆ ಒಂದು ರಾತ್ರಿ ಕಣ್ಣು ಮುಚ್ಚದೆ ಸ್ವಾಮಿಯ ನೆನಪಿನಲ್ಲಿ ಕಳೆಯುವುದಕ್ಕೆ. ಆದರೆ ನಡೆಯುವುದೇನು? ಹಾದಿಯ ಮೂರು ರಾತ್ರಿ ಸರಿಯಾಗಿ ನಿದ್ದೆಯಿಲ್ಲದವನು ಜಾಗರಣೆಯ ರಾತ್ರಿ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಾನೆ. ಎಚ್ಚರವಾಗಿರಬೇಕಾದಾಗ ಎಚ್ಚರವಿರಬೇಕು ಅಂದರೆ, ಮಲಗಬೇಕಾದಾಗ ಮಲಗಿರಬೇಕು. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನೂ ಇದನ್ನೇ ತಿಳಿಸಿದ್ದಾನೆ. ಅತಿಯಾಗಿ ನಿದ್ರಿಸುವವನಿಗೂ ಯೋಗ ಕೂಡಿಬರದು, ನಿದ್ದೆಗೆಟ್ಟು ಮೈಯನ್ನು ಸವೆಸುವವನಿಗೂ ಕೂಡಿಬರದು ಎಂಬುದು ಆ ಮಾತಿನ ಸಾರ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ. ಪೆಟ್ಟು ತಿಂದು ಬಂದದ್ದು.

ಮೊದಲ ಸಲ ನಡೆದು ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಹುಡುಗುಬುದ್ಧಿ. ಬೆಟ್ಟ ತಲುಪುವವರೆಗೆ ಚಾಪೆಯನ್ನೂ ಮುಟ್ಟುವುದಿಲ್ಲ, ಕಂಬಳಿಯನ್ನೂ ಹೊದೆಯುವುದಿಲ್ಲ ಅಂತ ನಾಲ್ಕು ಜನರ ಮುಂದೆ ಹರಕೆ ಹೊತ್ತೆ. ನಾಲ್ಕು ಜನರ ಮುಂದೆ ಅನ್ನುವುದನ್ನು ಗಮನಿಸಿ. ಮಾದಪ್ಪನಿಗೆ ಮಾತ್ರ ಕೇಳಿಸುವಂತೆ ಹೇಳಿದ್ದರೆ ಅದು ಹರಕೆ. ನನ್ನದು ಜಂಬ. ಮೊದಲ ರಾತ್ರಿ ಒಂದು ಹಳ್ಳಿಯ ಅರಳಿಕಟ್ಟೆಯ ಪಕ್ಕ ಬರಿ ನೆಲದ ಮೇಲೆ ಅಂಗಾತ ಮಲಗಿದೆ. ಪಕ್ಕದಲ್ಲಿ ಮಲಗಿದ್ದ ಒಬ್ಬ ಅಜ್ಜಿ ತನ್ನ ಗೋಣಿತಾಟನ್ನು ನನ್ನ ಕಡೆ ತಳ್ಳಿ ಹೇಳಿದಳು: "ಮಗ, ಭೂಮ್ತಾಯಿ ತಣ್ಣಗವ್ಳೆ ಕನಪ್ಪ. ನಿನ್ನ ಮೈಯ ಬಿಸಿಯೆಲ್ಲ ಕುಡುದ್ಬುಡ್ತಾಳೆ. ಇದ ಕೆಳಕ್ಕೆ ಹಾಕ್ಕೊ." ನಾನು "ಬ್ಯಾಡ ಬುಡಜ್ಜಿ, ನಂದು ಹರಕೆ" ಅಂದೆ. ಬೆಳಗಿನ ಜಾವಕ್ಕೆ ಹಲ್ಲು ಕಟಕಟ ಅನ್ನುತ್ತಿತ್ತು. ಎರಡನೆಯ ರಾತ್ರಿಗೆ ಜ್ವರ. ತಾಳಬೆಟ್ಟದಿಂದ ಮೇಲಕ್ಕೆ ಜೊತೆಗಾರರಿಬ್ಬರು ನನ್ನ ತೋಳು ಹಿಡಿದು ಹತ್ತಿಸಿದರು. ಶಿವರಾತ್ರಿಯ ಇರುಳು, ಸಾವಿರಾರು ಜನ "ಉಘೇ ಉಘೇ" ಅನ್ನುವಾಗ ನಾನು ಮೂಲೆಯಲ್ಲಿ ಪ್ರಜ್ಞೆಯಿಲ್ಲದವನಂತೆ ಬಿದ್ದಿದ್ದೆ. ನನ್ನಿಂದಾಗಿ ಆ ಇಬ್ಬರಿಗೂ ನೆಮ್ಮದಿಯ ದರ್ಶನ ಆಗಲಿಲ್ಲ.

ಶಿವನು ಮಸಣದಲ್ಲಿ ಮಲಗುತ್ತಾನೆ, ದಿಕ್ಕುಗಳನ್ನೇ ಉಡುತ್ತಾನೆ, ನಿಜ. ಅವನು ಶಿವ. ನೀವು ನಾವು ರಾಗಿಮುದ್ದೆ ತಿಂದು ಬದುಕುವವರು. ಮೈಯನ್ನು ಹಾಳುಮಾಡಿಕೊಂಡು ಬಾ ಅಂತ ಮಾದಪ್ಪ ಯಾರಿಗೂ ಹೇಳಿಲ್ಲ. ದೇಹವೇ ದೇಗುಲ ಅನ್ನುವ ನಾಡು ನಮ್ಮದು. ದೇಗುಲಕ್ಕೆ ಸುಣ್ಣ ಬಳಿಯುವವರು ದೇಹಕ್ಕೆ ಒಂದು ಚಾಪೆ ಹಾಸಬಾರದೆ?

ಅಜ್ಜಿ ಹೇಳಿದ ಮಾತಿನ ಅರ್ಥ

ಆ ಅಜ್ಜಿ ಓದಿದವಳಲ್ಲ. ಆದರೆ ಅವಳ ಮಾತು ಶಾಸ್ತ್ರದಷ್ಟು ಸತ್ಯ. ಗಾಳಿಗಿಂತ ನೆಲ ಬಹಳ ಬೇಗ ಮೈಯ ಬಿಸಿಯನ್ನು ಎಳೆಯುತ್ತದೆ. ಕಲ್ಲುಬಂಡೆ, ಸಿಮೆಂಟು ನೆಲ ಇನ್ನೂ ಬೇಗ ಎಳೆಯುತ್ತವೆ. ನಾವು ಚಳಿಯಾದರೆ ಮೇಲಕ್ಕೆ ಇನ್ನೊಂದು ದುಪ್ಪಟಿ ಹುಡುಕುತ್ತೇವೆ. ಚಳಿ ಬರುತ್ತಿರುವುದು ಕೆಳಗಿನಿಂದ. ಆದ್ದರಿಂದ ಇದನ್ನು ನೆನಪಿಡಿ: ಮೇಲಕ್ಕೆ ಒಂದಾದರೆ ಕೆಳಕ್ಕೆ ಎರಡು. ತೇವ ತಡೆಯಲು ಮೊದಲು ಒಂದು ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು, ಅದರ ಮೇಲೆ ಗೋಣಿತಾಟು ಅಥವಾ ಚಾಪೆ. ಹಳ್ಳಿಯಲ್ಲಿ ಒಣಹುಲ್ಲು ಕೇಳಿ ತಂದರೆ ಇನ್ನೂ ಮೇಲು. ಏನೂ ಇಲ್ಲದಿದ್ದರೆ ಹಳೆಯ ದಿನಪತ್ರಿಕೆ ನಾಲ್ಕು ಪದರ ಹಾಸಿದರೂ ವ್ಯತ್ಯಾಸ ತಿಳಿಯುತ್ತದೆ. ಈಗಿನ ಹುಡುಗರು ಬೆನ್ನಿನ ಬ್ಯಾಗಿಗೆ ಫೋಮ್ ಚಾಪೆ ಸುತ್ತಿಕೊಂಡು ಬರುತ್ತಾರೆ. ಕೆಲವು ಹಿರಿಯರು ಅದನ್ನು ಷೋಕಿ ಅನ್ನುತ್ತಾರೆ. ಷೋಕಿಯಲ್ಲ, ಅದು ಹಗುರವಾದ ಗೋಣಿತಾಟು.

ಹೊದೆಯಲು ಕುರಿ ಉಣ್ಣೆಯ ಕಂಬಳಿಯೇ ಶ್ರೇಷ್ಠ. ಸುರುಳಿ ಸುರುಳಿಯಾದ ಉಣ್ಣೆಯೊಳಗೆ ಗಾಳಿ ಸಿಕ್ಕಿಕೊಂಡು ಬಿಸಿಯನ್ನು ಹಿಡಿದಿಡುತ್ತದೆ. ಸ್ವಲ್ಪ ನೆನೆದರೂ ಕಂಬಳಿ ಕೈಬಿಡುವುದಿಲ್ಲ. ಹತ್ತಿ ಬಟ್ಟೆ ಹಾಗಲ್ಲ. ಒದ್ದೆಯಾದರೆ ಮೈಗೆ ಅಂಟಿ ಇದ್ದ ಬಿಸಿಯನ್ನೂ ಕಳೆಯುತ್ತದೆ. ಹಗಲೆಲ್ಲ ಬೆವರಿದ ಬನಿಯನ್ನಿನಲ್ಲೇ ಮಲಗಬೇಡಿ. ಮಲಗುವುದಕ್ಕೆಂದೇ ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎಷ್ಟೇ ಆಸೆಯಾದರೂ ಅದನ್ನು ಹಗಲಲ್ಲಿ ಮುಟ್ಟಬೇಡಿ. ತಲೆಗೆ ಟವೆಲ್ ಸುತ್ತಿ, ಕಾಲಿಗೆ ಒಣ ಕಾಲುಚೀಲ ಹಾಕಿ.

ಮೋಡವಿಲ್ಲದ ರಾತ್ರಿ ನಕ್ಷತ್ರ ಚೆನ್ನಾಗಿ ಕಾಣುತ್ತದೆ, ಚಳಿಯೂ ಹೆಚ್ಚು. ನೆಲದ ಬಿಸಿ ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ, ಇಬ್ಬನಿಯೂ ಇಳಿಯುತ್ತದೆ. ಅಂಥ ರಾತ್ರಿ ಮಂಟಪವೋ, ಜಗಲಿಯೋ, ಕಡೆಗೆ ಮೇಲೆ ಕಟ್ಟಿದ ಒಂದು ಟಾರ್ಪಾಲೋ ಇರಲಿ. ತಣ್ಣನೆಯ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದಕ್ಕೆ ಹಳ್ಳದ ತಗ್ಗು ಬಿಟ್ಟು ಸ್ವಲ್ಪ ಎತ್ತರದಲ್ಲಿ ಮಲಗಿ. ನೆಲ ಇಳಿಜಾರಾಗಿದ್ದರೆ ತಲೆ ಮೇಲಿನ ಕಡೆಗಿರಲಿ.

ಮಲಗುವ ಮುಂಚೆ ಕಾಲಿಗೂ ಒಂದು ಸೇವೆ ಆಗಬೇಕು. ಸ್ವಾಮಿಯ ಪಾದ ತೊಳೆಯುವ ಮುಂಚೆ ನಿಮ್ಮ ಪಾದ ತೊಳೆದುಕೊಳ್ಳಿ. ಚೆನ್ನಾಗಿ ಒರೆಸಿ, ಬೆರಳ ಸಂದಿಯಲ್ಲಿ ತೇವ ಉಳಿಸಬೇಡಿ. ಬಟ್ಟೆಯ ಗಂಟಿನ ಮೇಲೆ ಕಾಲನ್ನು ಅರ್ಧ ಗಂಟೆ ಎತ್ತರಿಸಿಟ್ಟರೆ ಬಾವು ಇಳಿಯುತ್ತದೆ. ಸಕ್ಕರೆ ಕಾಯಿಲೆಯವರು ಬ್ಯಾಟರಿ ಬೆಳಕಿನಲ್ಲಿ ಅಂಗಾಲನ್ನು ನೋಡಿಕೊಳ್ಳಲೇಬೇಕು. ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯದೆ ಹೋಗಬಹುದು. ಪಕ್ಕಕ್ಕೆ ಮಲಗುವವರು ಮಂಡಿಗಳ ನಡುವೆ ಒಂದು ಪಂಚೆ ಮಡಿಸಿ ಇಟ್ಟುಕೊಳ್ಳಿ. ಅಂಗಾತ ಮಲಗುವವರು ಮಂಡಿಯ ಕೆಳಗೆ ಇಟ್ಟುಕೊಳ್ಳಿ, ಸೊಂಟಕ್ಕೆ ಹಾಯೆನಿಸುತ್ತದೆ. ದಿಂಬು ಬೇಕೇ ಬೇಕು. ನಾಳಿನ ಬಟ್ಟೆಯನ್ನು ಚೀಲಕ್ಕೆ ತುರುಕಿದರೆ ಅದೇ ದಿಂಬು. ಬೆಟ್ಟದ ದಾರಿಯಲ್ಲಿ ಆನೆತಲೆದಿಂಬ ಅಂತ ಒಂದು ಜಾಗವೇ ಇದೆಯಲ್ಲ! ಆ ಹೆಸರು ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಆನೆಗೂ ತಲೆದಿಂಬು ಬೇಕಾದರೆ ಮನುಷ್ಯನಿಗೆ ನಾಚಿಕೆ ಯಾಕೆ?

ಹೊಟ್ಟೆ ಬಿರಿಯುವಂತೆ ಉಣ್ಣಬೇಡಿ, ಬರಿಹೊಟ್ಟೆಯಲ್ಲೂ ಮಲಗಬೇಡಿ. ಹೊಟ್ಟೆಯಲ್ಲಿ ಸ್ವಲ್ಪ ಅನ್ನವಿದ್ದರೆ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಚಳಿಗೆ ಅಂತ ಹೆಂಡ ಕುಡಿಯುವವರು ಈ ಹಾದಿಯಲ್ಲೂ ಇದ್ದಾರೆ. ಪಾಪದ ಮಾತು ಹಾಗಿರಲಿ, ಅವರ ಲೆಕ್ಕವೇ ತಪ್ಪು. ಹೆಂಡ ಚರ್ಮವನ್ನು ಬೆಚ್ಚಗೆ ಮಾಡಿ ಒಳಗಿನ ಬಿಸಿಯನ್ನು ಹೊರಕ್ಕೆ ಕಳಿಸುತ್ತದೆ. ಬೆಚ್ಚಗಾಯಿತು ಅನ್ನಿಸುತ್ತಿರುವಾಗಲೇ ಮೈ ತಣ್ಣಗಾಗುತ್ತಿರುತ್ತದೆ.

ಎಲ್ಲಿ ಮಲಗಬಾರದು

ಮಕ್ಕಳೇ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ರಸ್ತೆಯ ಮೇಲೆ, ರಸ್ತೆಯ ಅಂಚಿನಲ್ಲಿ, ಸೇತುವೆಯ ಬದಿಯಲ್ಲಿ ಮಲಗಬೇಡಿ. ಡಾಂಬರು ಬೆಚ್ಚಗಿರುತ್ತದೆ ಅಂತ ಮಲಗುವವರಿದ್ದಾರೆ. ರಾತ್ರಿ ಬಸ್ಸಿನ ಡ್ರೈವರಿಗೆ ನೀವು ಕಾಣುವುದಿಲ್ಲ. ನಿಂತ ಲಾರಿಯ ಕೆಳಗೆ ನೆರಳಿಗೂ ಮಲಗಬೇಡಿ.

ಒಣಗಿದ ಹಳ್ಳದ ಮರಳು ಮೆತ್ತಗಿರುತ್ತದೆ, ನಿಜ. ದೀಪಾವಳಿಯ ಹೊತ್ತು ಹಿಂಗಾರು ಮಳೆಯ ಕಾಲ. ಮೇಲೆಲ್ಲೋ ಮಳೆ ಸುರಿದರೆ ನಿಮ್ಮ ತಲೆಯ ಮೇಲೆ ಹನಿ ಬೀಳುವ ಮೊದಲೇ ನೀರು ಬರುತ್ತದೆ. ಕಾವೇರಿ ದಡದಲ್ಲೂ ಬೇಡ. ಅಲ್ಲಿ ಮೊಸಳೆಗಳಿವೆ, ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ.

ಕಾಡಿನೊಳಗೆ ಮಲಗಲೇಬೇಡಿ. ಕಾವೇರಿ ವನ್ಯಧಾಮ 1987ರಿಂದ ಇದೆ. ಮಲೆ ಮಹದೇಶ್ವರ ವನ್ಯಧಾಮ ಆದದ್ದು 2013ರಲ್ಲಿ. ಆದರೆ ಆನೆ, ಚಿರತೆ, ಹುಲಿ ಅದಕ್ಕೂ ಮುಂಚಿನಿಂದ ಅಲ್ಲಿನ ಮನೆಯವರು. ಹುಲಿಯ ಮೇಲೆ ಕೂತವನು ಮಾದಪ್ಪ, ನಾವಲ್ಲ. ಕತ್ತಲಾಗುವ ಮುಂಚೆ ಊರು ಸೇರಿ, ಅಲ್ಲಿ ಗುಂಪಾಗಿ ಮಲಗಿ. ಬೆಲ್ಲ, ಬಾಳೆಹಣ್ಣು, ಅಕ್ಕಿಮೂಟೆಯನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳಬೇಡಿ. ಆನೆಯ ಮೂಗಿಗೆ ಅದು ಕರೆಯೋಲೆ. ಶಿವರಾತ್ರಿಯ ಹೊತ್ತಿಗೆ ಕಾಡು ಒಣಗಿ ನಿಂತಿರುತ್ತದೆ. ಚಳಿ ಕಾಯಿಸಲು ಹಾಕಿದ ಒಂದು ಬೆಂಕಿ, ಎಸೆದ ಒಂದು ಬೀಡಿ ಇಡೀ ಮಲೆಯನ್ನೇ ಸುಟ್ಟೀತು. ಬಾಗಿಲು ಮುಚ್ಚಿದ ಕೋಣೆ, ಟೆಂಟು, ಕಾರಿನೊಳಗೆ ಕೆಂಡ ಇಟ್ಟುಕೊಂಡು ಮಲಗಬೇಡಿ. ಆ ವಿಷಗಾಳಿಗೆ ವಾಸನೆಯಿಲ್ಲ. ಉಸಿರಾಡಿದವನು ಏಳುವುದಿಲ್ಲ.

ಹಾವಿನ ವಿಷಯ. ಕಟ್ಟುಹಾವು ಅಂತ ಇದೆ. ರಾತ್ರಿ ಓಡಾಡುವಂಥದು. ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಕಚ್ಚಿದ್ದು ನೋವೇ ಆಗದಿರಬಹುದು, ಗುರುತೂ ಕಾಣದಿರಬಹುದು. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಸುತ್ತಲೂ ಚಾಪೆಯ ಕೆಳಗೆ ಸಿಕ್ಕಿಸಿದರೆ ಸೊಳ್ಳೆಯೂ ಬಾರದು, ಹಾವಿಗೂ ಅಡ್ಡಿ. ರಾತ್ರಿ ಎದ್ದರೆ ಬ್ಯಾಟರಿ ಹಾಕದೆ ಹೆಜ್ಜೆ ಇಡಬೇಡಿ. ಬೆಳಿಗ್ಗೆ ಚಪ್ಪಲಿ, ಶೂ, ಕಂಬಳಿ ಒದರಿ ನೋಡಿ. ಮಲಗಿದ್ದವರು ಎದ್ದು ಕಾರಣವಿಲ್ಲದೆ ಹೊಟ್ಟೆನೋವು ಅಂದರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ತಡಮಾಡಬೇಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುತ್ತಾ ಕೂರುವುದು ಯಾವುದೂ ಬೇಡ. ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಸಾಗಿಸಿ. ವಿಷಕ್ಕೆ ಔಷಧಿ ಇರುವುದು ಅಲ್ಲಿ. ಮಾದಪ್ಪನ ಧೂಳತವನ್ನು ಹಣೆಗೆ ಹಚ್ಚಿ, ಆದರೆ ಗಾಡಿ ಹತ್ತಿದ ಮೇಲೆ ಹಚ್ಚಿ.

ಬೆಚ್ಚಗೆ ಮಲಗಿಯೂ ನಿದ್ದೆ ಬಾರದ ರಾತ್ರಿ

ಇಷ್ಟೆಲ್ಲ ಕಲಿತ ಮೇಲೆ ನಾನು ಬಯಲಿನಲ್ಲಿ ಮಲಗುವುದರಲ್ಲಿ ಗಟ್ಟಿಗನಾದೆ. ಆಮೇಲೆ ಏನಾಯಿತು ಅನ್ನುವುದನ್ನು ಹೇಳದಿದ್ದರೆ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಅದೊಂದು ದೀಪಾವಳಿಯ ಯಾತ್ರೆ. ಹಾದಿಬದಿಯ ಊರೊಂದರ ಶಾಲೆಯ ಜಗಲಿ ತುಂಬಿಹೋಗಿತ್ತು. ನಾವು ಮೂವರು ಅಂಗಳದ ಎತ್ತರದ ಜಾಗದಲ್ಲಿ ದೊಡ್ಡ ಟಾರ್ಪಾಲು ಕಟ್ಟಿ, ಕೆಳಗೆ ಹುಲ್ಲು ಹಾಸಿ, ಕಂಬಳಿ ಹೊದ್ದು ಮಲಗಿದೆವು. ನಾಲ್ಕನೆಯವರಿಗೆ, ಐದನೆಯವರಿಗೆ ಆಗುವಷ್ಟು ಜಾಗ ಅಲ್ಲಿತ್ತು. ನಡುರಾತ್ರಿ ಮಳೆ ಶುರುವಾಯಿತು. ಗಂಡ ಹೆಂಡತಿ, ಸೊಂಟದ ಮೇಲೊಂದು ಮಗು, ನಮ್ಮ ಟಾರ್ಪಾಲಿನ ಅಂಚಿಗೆ ಬಂದು ನಿಂತರು. ಆ ತಾಯಿ ಮೆಲ್ಲಗೆ ಕೇಳಿದಳು: "ಬುದ್ದಿ, ಮಗೀಗೆ ಒಂಚೂರು ಜಾಗ ಬುಡ್ತೀರಾ?"

ನನಗೆ ಎಚ್ಚರವಿತ್ತು. ಜೊತೆಯ ಇಬ್ಬರು ನಿಜವಾಗಿ ನಿದ್ದೆಯಲ್ಲಿದ್ದರು. ಏಳಬೇಕು, ಸರಿಯಬೇಕು, ಅವರ ಒದ್ದೆ ಬಟ್ಟೆ ನನ್ನ ಕಂಬಳಿಗೆ ತಾಗುತ್ತದೆ, ಇನ್ಯಾರಾದರೂ ಜಾಗ ಕೊಟ್ಟೇ ಕೊಡುತ್ತಾರೆ. ಇಷ್ಟನ್ನೂ ಒಂದು ಗಳಿಗೆಯಲ್ಲಿ ಯೋಚಿಸಿ ಮುಗಿಸಿದೆ. ಕಣ್ಣು ಬಿಗಿಯಾಗಿ ಮುಚ್ಚಿ ಜೋರಾಗಿ ಉಸಿರುಬಿಟ್ಟೆ. ನಿದ್ದೆ ಬಂದವನ ಹಾಗೆ. ಅವಳು ಎರಡನೆಯ ಸಲ ಕೇಳಲಿಲ್ಲ. "ಪಾಪ, ನಡೆದು ಸುಸ್ತಾಗವ್ರೆ, ಮಲೀಕಳ್ಲಿ ಬುಡಿ" ಅಂತ ಗಂಡನಿಗೆ ಹೇಳಿದ್ದು ಮಾತ್ರ ಕೇಳಿಸಿತು.

ಭಕ್ತರೇ, ಆ ರಾತ್ರಿ ನನ್ನ ಕೆಳಗೆ ಹುಲ್ಲು ಇತ್ತು, ಮೇಲೆ ಉಣ್ಣೆ ಇತ್ತು, ಬಟ್ಟೆ ಒಣಗಿತ್ತು, ತಲೆಗೆ ದಿಂಬಿತ್ತು. ನಿಮಗೆ ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದೂ ಕಡಿಮೆಯಿರಲಿಲ್ಲ. ನಿದ್ದೆ ಮಾತ್ರ ಬರಲಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಆ ಗಾದೆಯ ಇನ್ನೊಂದು ಮಗ್ಗುಲನ್ನು ನಾನು ಆ ರಾತ್ರಿ ಕಂಡೆ. ಅಳುಕಿರುವವನಿಗೆ ಅರಮನೆಯಲ್ಲೂ ಇಲ್ಲ.

ಬೆಳಿಗ್ಗೆ ಎದ್ದು ನೋಡಿದರೆ, ಅಂಗಳದಾಚೆ ಒಂದು ಮರದ ಬುಡಕ್ಕೆ ಒರಗಿ ಆ ಗಂಡ ಹೆಂಡತಿ ಕೂತಿದ್ದರು. ಗಂಡ ತನ್ನ ಅಂಗಿ ಬಿಚ್ಚಿ ಮಗುವಿನ ಮೇಲೆ ಹೊದಿಸಿದ್ದ. ದೇವರ ದಯೆ, ಮಗು ಆರಾಮವಾಗಿ ಮಲಗಿತ್ತು. ನಾನು ತಲೆ ತಗ್ಗಿಸಿ ದಾಟಿ ಹೋಗುವಾಗ ಆ ತಾಯಿಯೇ ಕರೆದಳು. ಗಂಟು ಬಿಚ್ಚಿ ಒಂದು ಕಜ್ಜಾಯ ಕೈಗಿಟ್ಟು, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಕೇಳಿದಳು: "ಚೆನ್ನಾಗಿ ನಿದ್ದೆ ಬಂತಾ ಬುದ್ದಿ?"

ಅವಳಿಗೆ ನಾನು ಉತ್ತರ ಹೇಳಲಿಲ್ಲ. ಕ್ಷಮೆ ಕೇಳುವ ಧೈರ್ಯವೂ ಬರಲಿಲ್ಲ. ಅಂತರಗಂಗೆಯಲ್ಲಿ ಮಿಂದು, ಸ್ವಾಮಿಯ ಮುಂದೆ ನಿಂತಾಗ ಪೂಜಾರಿಗಳ ಮಂತ್ರ ನನ್ನ ಕಿವಿಗೆ ಬೀಳಲಿಲ್ಲ. ಆ ಪ್ರಶ್ನೆಯೇ ಬಿತ್ತು. ಇವತ್ತಿಗೂ ರಾತ್ರಿ ಮಲಗುವ ಮುಂಚೆ ಅದನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಒಬ್ಬರಿಗೆ ಹೆಚ್ಚಾಗಿ ತನ್ನಿ

ಆವತ್ತಿನಿಂದ ನನ್ನ ಗಂಟಿನಲ್ಲಿ ಎರಡು ಕಂಬಳಿ. ಒಂದು ನನಗೆ, ಇನ್ನೊಂದು ಯಾರಿಗೆ ಅಂತ ಗೊತ್ತಿಲ್ಲ. ಮೂವತ್ತು ವರ್ಷದ ಯಾತ್ರೆಯಲ್ಲಿ ಆ ಎರಡನೆಯ ಕಂಬಳಿ ಕೆಲಸವಿಲ್ಲದೆ ಗಂಟಿನಲ್ಲೇ ಉಳಿದ ರಾತ್ರಿ ಬಹಳ ಕಡಿಮೆ. ಒಮ್ಮೆ ಕಾಲೇಜು ಹುಡುಗನಿಗೆ ಹೋಯಿತು, ಒಮ್ಮೆ ಹರಕೆ ಹೊತ್ತು ನಡುಗುತ್ತಿದ್ದ ಮುದುಕನಿಗೆ. ಕೊಟ್ಟ ರಾತ್ರಿಗಳಲ್ಲಿ ನನಗೆ ಬಂದಂಥ ನಿದ್ದೆ ಮನೆಯ ಮಂಚದ ಮೇಲೂ ಬಂದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ದೊಡ್ಡವರು. ಮಾದಪ್ಪನ ಹಾದಿಯಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಿಕೊಳ್ಳಿ: ಪಕ್ಕದಲ್ಲಿ ಒಬ್ಬರು ನಿಂತಿದ್ದರೆ, ಚಾಚಿದ ಕಾಲನ್ನು ಸ್ವಲ್ಪ ಮಡಿಸಿ. ಸುಖವಾಗಿ ಮಲಗುವುದು ತಪ್ಪಲ್ಲ. ನಿಮ್ಮ ಸುಖದ ಅಂಚಿನಲ್ಲಿ ಒಬ್ಬರು ನೆನೆಯುತ್ತಾ ನಿಂತಿರುವಾಗ ಕಣ್ಣು ಮುಚ್ಚುವುದು ತಪ್ಪು. ಒಂದು ಟಾರ್ಪಾಲು ತರುವವರು ಒಂದು ಗೇಣು ದೊಡ್ಡದನ್ನೇ ತನ್ನಿ. ಹೆಂಗಸರು, ಮಕ್ಕಳು, ವಯಸ್ಸಾದವರು ನಡುವೆ ಮಲಗಲಿ, ಗಟ್ಟಿಮುಟ್ಟಾದವರು ಅಂಚಿಗಿರಲಿ. ಒಬ್ಬರ ನಂತರ ಒಬ್ಬರು ಎರಡೆರಡು ಗಂಟೆ ಎಚ್ಚರವಿದ್ದು ಕಾಯಲಿ. ಕಾಯುವವರಿಗೆ ಅದೇ ಜಾಗರಣೆ. ಉಳಿದವರು ಮೊಬೈಲಿನ ಹಾಡು ನಿಲ್ಲಿಸಿ ಮಲಗಿ.

ಬೆಳಿಗ್ಗೆ ಎದ್ದಾಗ ಕಡೆಯ ಕೆಲಸವೊಂದಿದೆ. ಬೆಟ್ಟದಲ್ಲಿ ರಜ ಹೊಡೆಯುವ ಸೇವೆ ಮಾಡುತ್ತೀರಿ, ಸ್ವಾಮಿಯ ಹಾದಿಯ ಧೂಳನ್ನು ಭಕ್ತಿಯಿಂದ ಗುಡಿಸುತ್ತೀರಿ. ನೀವು ರಾತ್ರಿ ಮಲಗಿದ ಜಾಗವೂ ಸ್ವಾಮಿಯ ಹಾದಿಯೇ ಅಲ್ಲವೇ? ಪ್ಲಾಸ್ಟಿಕ್ ಹಾಳೆ, ನೀರಿನ ಬಾಟಲಿ, ಎಲೆ, ಕಾಗದ ಎಲ್ಲ ಆರಿಸಿ ಚೀಲಕ್ಕೆ ಹಾಕಿ. ತಂದ ಹುಲ್ಲನ್ನು ಕೊಟ್ಟ ಮನೆಯ ದನಕ್ಕೆ ಒಪ್ಪಿಸಿ. ನಿಮ್ಮ ಮೈಯ ಬಿಸಿ ತಡೆದುಕೊಂಡ ನೆಲಕ್ಕೆ ಕೈಮುಟ್ಟಿ ನಮಸ್ಕಾರ ಮಾಡಿ. ಇವತ್ತು ರಾತ್ರಿ ಅಲ್ಲಿ ಇನ್ನೊಬ್ಬರು ಮಲಗುತ್ತಾರೆ.

ಆಮೇಲೆ ಪಕ್ಕದಲ್ಲಿ ಮಲಗಿದ್ದವರನ್ನು, ಗೊತ್ತಿದ್ದವರಾಗಲಿ ಗೊತ್ತಿಲ್ಲದವರಾಗಲಿ, "ಚೆನ್ನಾಗಿ ನಿದ್ದೆ ಬಂತಾ?" ಅಂತ ಕೇಳಿ. ಕೇಳುವಾಗ ನಿಮ್ಮ ತಲೆ ತಗ್ಗದಿದ್ದರೆ, ಆ ರಾತ್ರಿಯ ಸೇವೆ ಸ್ವಾಮಿಗೆ ಮುಟ್ಟಿತು ಅಂತಲೇ ತಿಳಿಯಿರಿ.

ಈ ಸಲ ನಡೆದು ಬಂದ ಎಲ್ಲರೂ ಕ್ಷೇಮವಾಗಿ ಮಲಗಿ, ಕ್ಷೇಮವಾಗಿ ಎದ್ದು, ಕಣ್ತುಂಬ ದರ್ಶನ ಮಾಡಿ, ನಗುನಗುತ್ತಾ ಮನೆ ಸೇರುವಂತೆ ಮಾದಪ್ಪ ಕರುಣಿಸಲಿ.

ಉಘೇ ಉಘೇ ಮಾದಪ್ಪ! ಉಘೇ ಮಾತ್ಮಲ್ಲಯ್ಯ!

॥ ಶುಭಂ ॥